ಕನ್ವರ್‌ಲಾಲನ ವೇಷ

ಕಾನೂನನ್ನು ಕೈಗೆ ತೆಗೆದುಕೊಳ್ಳುವುದು ಎಂಬ ಮಾತು ನಮ್ಮಲ್ಲಿ ಎರಡು ಕಡೆ ಎರಡು ಬಗೆಯಾಗಿ ಕೇಳಿಸುತ್ತದೆ. ಪತ್ರಿಕೆಯಲ್ಲಿ ಅದು ನಿಂದೆ. ಚಿತ್ರಮಂದಿರದಲ್ಲಿ ಅದು ಸ್ತುತಿ. ಬೆಳಗ್ಗೆ ಸುದ್ದಿ ಓದಿ ‘ಹೀಗಾದರೆ ದೇಶದಲ್ಲಿ ನ್ಯಾಯಕ್ಕೆ ಬೆಲೆ ಉಳಿದೀತೆ?’ ಎಂದು ನಿಟ್ಟುಸಿರಿಟ್ಟ ಗೃಹಸ್ಥರೇ ಸಂಜೆಯ ಆಟಕ್ಕೆ ಹೋಗಿ, ನಾಯಕನು ದುಷ್ಟನ ಕೊರಳಪಟ್ಟಿ ಹಿಡಿದೊಡನೆ, ಶಿಳ್ಳೆ ಹಾಕದಿದ್ದರೂ ಕುರ್ಚಿಯ ಕೈಯನ್ನು ಬಿಗಿಹಿಡಿದು ಮನಸ್ಸಿನಲ್ಲಿಯೇ ಭೇಷ್ ಎನ್ನುತ್ತಾರೆ. ಇದನ್ನು ಕಪಟವೆಂದು ತಳ್ಳಿಹಾಕುವುದು ಸುಲಭ. ಆದರೆ ಆ ಗೃಹಸ್ಥರು ಕಪಟಿಗಳಲ್ಲ. ಒಂದೇ ಮನುಷ್ಯ ಎರಡು ಕಡೆ ಎರಡು ಬಗೆಯಾಗಿ ತೀರ್ಪು ಕೊಡುವುದೇಕೆ ಎಂಬುದು ಯೋಚಿಸತಕ್ಕ ವಿಷಯ. ಅದನ್ನು ಕನ್ನಡದ ಒಂದು ಚಿತ್ರವನ್ನು ಎದುರಿಗಿಟ್ಟುಕೊಂಡು ವಿವರಿಸಲು ಪ್ರಯತ್ನಿಸುತ್ತೇನೆ. ಆ ಚಿತ್ರ ‘ಅಂತ’. ತೆರೆಗೆ ಬಂದದ್ದು 1981ರಲ್ಲಿ; ನಿರ್ದೇಶಕರು ಎಸ್. ವಿ. ರಾಜೇಂದ್ರಸಿಂಗ್ ಬಾಬು; ನಾಯಕ ಅಂಬರೀಷ್.

ಸಾಹಿತ್ಯಾಸಕ್ತರಾದ ಕೇಳುಗರಿಗೆ ಮೊದಲು ತಿಳಿಸಬೇಕಾದದ್ದು, ‘ಅಂತ’ ಹುಟ್ಟಿದ್ದು ಸ್ಟುಡಿಯೋದಲ್ಲಲ್ಲ, ವಾರಪತ್ರಿಕೆಯ ಪುಟಗಳಲ್ಲಿ ಎಂಬುದು. ಎಚ್. ಕೆ. ಅನಂತರಾವ್ ಅವರ ಅದೇ ಹೆಸರಿನ ಕಾದಂಬರಿ ‘ಸುಧಾ’ದಲ್ಲಿ ಧಾರಾವಾಹಿಯಾಗಿ ಬಂದಿತ್ತು. ಧಾರಾವಾಹಿಯ ಓದಿಗೂ ಚಿತ್ರದ ನೋಟಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಧಾರಾವಾಹಿಯಲ್ಲಿ ಕೋಪಕ್ಕೆ ವಾರದ ಬಿಡುವು ಉಂಟು. ಕಥಾನಾಯಕನಿಗೆ ಆದ ಅನ್ಯಾಯವನ್ನು ಓದಿ ಮುಗಿಸಿ, ಪತ್ರಿಕೆಯನ್ನು ನೆರೆಮನೆಗೆ ಕೊಟ್ಟು, ಏಳು ದಿನ ನಮ್ಮ ನಮ್ಮ ಕೆಲಸ ನೋಡಿಕೊಳ್ಳುತ್ತೇವೆ. ಆ ಏಳು ದಿನಗಳಲ್ಲಿ ಕೋಪ ತುಸು ಆರಿ ವಿಚಾರವಾಗುವ ಅವಕಾಶವಿದೆ. ಚಿತ್ರದಲ್ಲಿ ಅನ್ಯಾಯಕ್ಕೂ ಪ್ರತೀಕಾರಕ್ಕೂ ನಡುವೆ ಇರುವುದು ಕಡಲೆಕಾಯಿ ಕೊಳ್ಳುವಷ್ಟು ಹೊತ್ತಿನ ವಿರಾಮ. ಆರಲು ಬಿಡದ ಕೋಪವೇ ಈ ಜಾತಿಯ ಚಿತ್ರಗಳ ಬಂಡವಾಳ.

ರಾಜೇಂದ್ರಸಿಂಗ್ ಬಾಬು ಅವರ ತಂದೆ ಶಂಕರಸಿಂಗ್. ಮೈಸೂರಿನಲ್ಲಿ ಮಹಾತ್ಮ ಸಂಸ್ಥೆಯ ಮೂಲಕ ಕನ್ನಡ ಚಿತ್ರಗಳಿಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. ತಾಯಿ ಪ್ರತಿಮಾದೇವಿ, ‘ಜಗನ್ಮೋಹಿನಿ’ಯ ಕಾಲದ ತಾರೆ. ಸಿನಿಮಾದ ಮನೆಯಲ್ಲಿಯೇ ಬೆಳೆದ ಬಾಬು ಮುಂದೆ ‘ಬಂಧನ’, ‘ಮುತ್ತಿನ ಹಾರ’ಗಳಂಥ ಕಣ್ಣೀರಿನ ಚಿತ್ರಗಳನ್ನು ಕೊಟ್ಟರು ಎಂಬುದನ್ನು ನೆನೆದರೆ, ‘ಅಂತ’ದ ಕಾಠಿಣ್ಯ ಇನ್ನೂ ಎದ್ದು ಕಾಣುತ್ತದೆ. ಅಂಬರೀಷರು 1972ರ ‘ನಾಗರಹಾವು’ ಚಿತ್ರದಲ್ಲಿ ಜಲೀಲನಾಗಿ ಬಂದವರು. ಹುಡುಗಿಯರನ್ನು ಕೆಣಕುವ ಪುಂಡನ ಆ ಪಾತ್ರ ಎಷ್ಟು ಚಿಕ್ಕದೋ ಅಷ್ಟೇ ಚುರುಕು. ಅನಂತರ ಹತ್ತು ವರ್ಷ ಹತ್ತಿರ ಹತ್ತಿರ ಅವರು ಖಳನ ನೆರಳಿನಲ್ಲಿಯೋ ನಾಯಕನ ಪಕ್ಕದಲ್ಲಿಯೋ ನಿಂತರು. 1981ರಲ್ಲಿಯೇ ಪುಟ್ಟಣ್ಣ ಕಣಗಾಲರ ‘ರಂಗನಾಯಕಿ’ಯಲ್ಲಿಯೂ ಅವರಿದ್ದರು. ಆದರೆ ‘ರೆಬೆಲ್ ಸ್ಟಾರ್’ ಎಂಬ ಬಿರುದಿನ ಹಿಂದೆ ಜನರ ಕಣ್ಣಿಗೆ ಕಟ್ಟುವುದು ‘ಅಂತ’ವೇ.

ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಸುಶೀಲ್‌ಕುಮಾರ್ ಎಂಬ ಪ್ರಾಮಾಣಿಕ ಇನ್‌ಸ್ಪೆಕ್ಟರ್. ಕನ್ವರ್‌ಲಾಲ್ ಎಂಬ ಪಾತಕಿ. ಇಬ್ಬರದೂ ಒಂದೇ ಮುಖ. ಪಾತಕಿಗಳ ಕೂಟವನ್ನು ಬುಡಸಮೇತ ಹಿಡಿಯಲು ಸುಶೀಲ್‌ಕುಮಾರ್ ಕನ್ವರ್‌ಲಾಲನ ವೇಷದಲ್ಲಿ ಅವರ ಗುಹೆಯನ್ನು ಹೊಗುತ್ತಾನೆ. ಒಳಗೆ ಹೋದ ಮೇಲೆ ಅವನಿಗೆ ತಿಳಿಯುವುದು, ಈ ಬೇರು ಊರಿನ ಗಣ್ಯರ ಅಂಗಳದವರೆಗೂ ಹಬ್ಬಿದೆ ಎಂಬುದು. ವೇಷ ಬಯಲಾಗುತ್ತದೆ. ಅವನಿಗೆ ಕೊಡುವ ಚಿತ್ರಹಿಂಸೆ, ಬೆರಳಿನ ಉಗುರು ಕೀಳುವ ದೃಶ್ಯ, ಗರ್ಭಿಣಿಯಾದ ಅವನ ಹೆಂಡತಿಯ ಮೇಲೆ ನಡೆಯುವ ಕ್ರೌರ್ಯ, ಇವನ್ನು ಅಂದು ನೋಡಿದವರು ಇಂದಿಗೂ ಮರೆತಿಲ್ಲ. ಕಾನೂನಿನ ಬಾಗಿಲುಗಳು ಒಂದೊಂದಾಗಿ ಮುಚ್ಚಿದಾಗ ಕಾನೂನಿನ ಕಾವಲುಗಾರನೇ ತೀರ್ಪುಗಾರನಾಗುತ್ತಾನೆ. ಅದು ಹೇಗೆ ಎಂಬುದನ್ನು ಹೇಳುವುದಿಲ್ಲ. ನೋಡದಿರುವ ಕಿರಿಯರು ಕೇಳುತ್ತಿರಬಹುದು. ಲಕ್ಷ್ಮಿ, ಜಯಮಾಲಾ, ಲತಾ, ಪಂಢರೀಬಾಯಿ, ವಜ್ರಮುನಿ, ಪ್ರಭಾಕರ್ ಮೊದಲಾದವರು ಉಳಿದ ಪಾತ್ರಗಳಲ್ಲಿದ್ದರು, ಸಂಗೀತ ಜಿ. ಕೆ. ವೆಂಕಟೇಶ್ ಅವರದು.

ಕನ್ನಡ ಚಿತ್ರರಂಗ ಅದಕ್ಕೆ ಮುಂಚೆ ಪತ್ತೇದಾರರನ್ನು ಕಾಣದೆ ಇರಲಿಲ್ಲ. ‘ಜೇಡರ ಬಲೆ’ಯಂಥ ಚಿತ್ರಗಳಲ್ಲಿ ರಾಜಕುಮಾರರು ಪಾತಕಿಗಳ ಗುಂಪುಗಳನ್ನು ಬೇಟೆಯಾಡಿದ್ದರು. ಆ ಕಥೆಗಳ ಕೊನೆ ನಮಗೆಲ್ಲ ಗೊತ್ತಿದ್ದದ್ದೇ. ಹೊಡೆದಾಟ ಮುಗಿಯುವ ಹೊತ್ತಿಗೆ ಪೊಲೀಸ್ ಜೀಪು ಬರುತ್ತದೆ, ಖಳನ ಕೈಗೆ ಕೋಳ ಬೀಳುತ್ತದೆ. ಜೀಪು ತಡವಾಗಿ ಬರುತ್ತದೆಂದು ನಾವು ನಗುತ್ತಿದ್ದೆವು. ಬಂದೇ ಬರುತ್ತದೆ ಎಂಬುದರಲ್ಲಿ ಮಾತ್ರ ಯಾರಿಗೂ ಸಂಶಯವಿರಲಿಲ್ಲ. ‘ಅಂತ’ದಲ್ಲಿ ಕೆಟ್ಟುಹೋದದ್ದು ಈ ನಂಬಿಕೆ.

ಆ ನಂಬಿಕೆ ಕೆಟ್ಟದ್ದು ಸಿನಿಮಾದಿಂದಲ್ಲ. 1975ರಿಂದ 77ರವರೆಗಿನ ತುರ್ತುಪರಿಸ್ಥಿತಿ ಕಳೆದು ಆಗ ನಾಲ್ಕೇ ವರ್ಷ. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ನಮಗೆ ಪರಿಚಯವಿದ್ದ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ನರಳಿ, ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡಿದ್ದರು. ಜಾರ್ಜ್ ಫರ್ನಾಂಡಿಸರ ತಮ್ಮ ಲಾರೆನ್ಸ್ ಫರ್ನಾಂಡಿಸರಿಗೆ 1976ರಲ್ಲಿ ಬೆಂಗಳೂರಿನ ಪೊಲೀಸ್ ವಶದಲ್ಲಿ ಆದ ಹಿಂಸೆಯ ವಿವರಗಳು ಅನಂತರ ಬೆಳಕಿಗೆ ಬಂದಿದ್ದವು. ನ್ಯಾಯಮೂರ್ತಿ ಷಾ ಆಯೋಗದ ಕಲಾಪವನ್ನು ಜನ ಧಾರಾವಾಹಿಯಂತೆಯೇ ಓದಿದ್ದರು. ಹೀಗಿರುವಾಗ ತೆರೆಯ ಮೇಲೆ ಉಗುರು ಕೀಳುವುದನ್ನು ಕಂಡವನಿಗೆ ಅದು ಬರಿಯ ಕಲ್ಪನೆ ಎಂದು ತಳ್ಳಿಬಿಡುವ ಧೈರ್ಯ ಇರಲಿಲ್ಲ. ಇನ್ನು ಕಳ್ಳಸಾಗಣೆ: 1968ರ ಚಿನ್ನ ನಿಯಂತ್ರಣ ಕಾಯಿದೆ ಜಾರಿಯಲ್ಲಿದ್ದು, ಒಳಗಿನ ಬೆಲೆಗೂ ಹೊರಗಿನ ಬೆಲೆಗೂ ಅಂತರವಿದ್ದ ಕಾಲದಲ್ಲಿ ಪಶ್ಚಿಮ ಕರಾವಳಿಗೆ ಚಿನ್ನ ದೋಣಿಗಳಲ್ಲಿ ಬರುವುದು ಲೋಕಪ್ರಸಿದ್ಧವಾಗಿತ್ತು. 1974ರಲ್ಲಿ ಕಳ್ಳಸಾಗಣೆದಾರರನ್ನು ವಿಚಾರಣೆಯಿಲ್ಲದೆ ಬಂಧಿಸಲು ಪ್ರತ್ಯೇಕ ಕಾಯಿದೆಯೇ ಆಯಿತು. ಖಳನಾಯಕನ ಕಸುಬನ್ನು ಕಥೆಗಾರರು ಗಾಳಿಯಿಂದ ಹಿಡಿದು ತರಬೇಕಾಗಿರಲಿಲ್ಲ.

ಇಲ್ಲಿ ನನ್ನ ಊರಿನ ಮಾತು ಸ್ವಲ್ಪ. ನಾನು ಘಟ್ಟದ ಕೆಳಗಿನವನು. ಕೆಲಸವನ್ನರಸಿ ದಾಂಡೇಲಿಗೆ ಬಂದು, ಕಡೆಗೆ ಮೌಳಂಗಿಯಲ್ಲಿ ಕಾಳಿ ನದಿಯ ಸದ್ದು ಕೇಳುವಷ್ಟು ಹತ್ತಿರದಲ್ಲಿ ಮನೆ ಮಾಡಿದೆ. ಈಗ ಮೌಳಂಗಿಯೆಂದರೆ ರಬ್ಬರು ದೋಣಿಯಲ್ಲಿ ಹೊಳೆಯಿಳಿಯಲು ಬರುವ ಪ್ರವಾಸಿಗಳ ಊರು, ಅಂದು ಹಾಗಲ್ಲ. ಚಿತ್ರ ನೋಡಬೇಕಾದರೆ ದಾಂಡೇಲಿಗೆ ಹೋಗಬೇಕು. 1955ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ, ಮರದ ಡಿಪೋಗಳು, ಗುತ್ತಿಗೆದಾರರು, ಕಾಳಿಯ ಮೇಲಿನ ಅಣೆಕಟ್ಟುಗಳ ಕೆಲಸ, ಇವು ನಾನಾ ಸೀಮೆಯ ಜನರನ್ನು ಅಲ್ಲಿಗೆ ತಂದು ಹಾಕಿದ್ದವು. ಒಂದು ಚಹದ ಅಂಗಡಿಯಲ್ಲಿ ಕನ್ನಡ, ಕೊಂಕಣಿ, ಮರಾಠಿ, ಉರ್ದು, ತೆಲುಗು, ಮಲೆಯಾಳ ಎಲ್ಲವೂ ಒಂದೇ ಬಸಿಯಲ್ಲಿ ಬೆರೆಯುತ್ತಿದ್ದವು. ಅಂಥ ಊರಿನ ಪ್ರೇಕ್ಷಕನಿಗೆ ಕನ್ವರ್‌ಲಾಲನ ಮಾತು ಏನು ಮಾಡಿತೆಂಬುದನ್ನು ಬೆಂಗಳೂರಿನ ವಿಮರ್ಶಕರು ಊಹಿಸಲಾರರು. ಕನ್ನಡ ಚಿತ್ರಗಳ ನಾಯಕರು ಅಲ್ಲಿಯವರೆಗೆ ಹಳೆಯ ಮೈಸೂರಿನ ಶುದ್ಧ ಕನ್ನಡವನ್ನು ಆಡುತ್ತಿದ್ದರು. ನಮಗೆ ಅದು ಶಾಲೆಯ ಮೇಷ್ಟ್ರ ಮಾತಿನಂತೆ ಗೌರವಕ್ಕೆ ಪಾತ್ರ, ಸಲುಗೆಗೆ ಅಲ್ಲ. ಕನ್ವರ್‌ಲಾಲನೋ ಕನ್ನಡಕ್ಕೆ ಹಿಂದಿಯನ್ನು ಒರಟಾಗಿ ಬೆರೆಸಿ, ಗಂಟಲಿನ ತಳದಿಂದ ಉಗುಳಿದಂತೆ ಮಾತಾಡಿದ. ತನ್ನನ್ನು ಅರ್ಧ ಹೆಸರಿನಿಂದ ಕರೆದವನನ್ನು ನಾಯಿ ಎಂದು ಬೈದು, ಪೂರ್ತಿ ಹೆಸರು ಹೇಳೆಂದು ಗದರಿಸುವ ಆ ಒಂದು ಮಾತು ಮರದ ಡಿಪೋದ ಹಮಾಲನಿಂದ ಕಾಲೇಜಿನ ಹುಡುಗನವರೆಗೆ ಎಲ್ಲರ ನಾಲಗೆಯ ಮೇಲೂ ನಲಿದಾಡಿತು. ಅದಕ್ಕೆ ಅನುವಾದ ಬೇಕಿರಲಿಲ್ಲ. ಸಂತೆಯ ದಿನ ಕೇಳುವ ಮಾತೇ ಅದು.

ಆ ಮಾತನ್ನು ಇನ್ನೊಂದು ಕಾರಣಕ್ಕೂ ಗಮನಿಸಬೇಕು. ಜನ ಕಲಿತು ಆಡಿದ್ದು ಸುಶೀಲ್‌ಕುಮಾರನ ಮಾತನ್ನಲ್ಲ. ನಮ್ಮ ಬೀದಿಯ ಹುಡುಗರನ್ನು ಈಗಲೂ ಕೇಳಿನೋಡಿ: ಕನ್ವರ್‌ಲಾಲನನ್ನು ಅವರು ಬಲ್ಲರು, ಅನುಕರಿಸಿಯೂ ತೋರಿಸುತ್ತಾರೆ, ಇನ್‌ಸ್ಪೆಕ್ಟರನ ಹೆಸರೇನು ಎಂದರೆ ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಹೆಸರಿನಲ್ಲಿಯೇ ಶೀಲವಿದ್ದ ಆ ಮನುಷ್ಯ ಉಗುರು ಕಳೆದುಕೊಂಡ, ಸಂಸಾರ ಕಳೆದುಕೊಂಡ, ಕಡೆಗೆ ನೋಡಿದವರ ನೆನಪಿನಲ್ಲಿ ತನ್ನ ಹೆಸರನ್ನೂ ಕಳೆದುಕೊಂಡ. ಉಳಿದದ್ದು ಅವನು ತೊಟ್ಟ ವೇಷ. ಯಕ್ಷಗಾನದ ಸೀಮೆಯಿಂದ ಬಂದ ನನಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ರಾತ್ರಿಯಿಡೀ ಧರ್ಮವನ್ನು ಮಾತಾಡುವ ರಾಜವೇಷದ ಎದುರು ತೂಕಡಿಸುವ ಜನ, ಬಣ್ಣದ ವೇಷದ ಅಬ್ಬರ ಚೌಕಿಯಿಂದ ಕೇಳಿಸಿದೊಡನೆ ಮಕ್ಕಳನ್ನು ಎಬ್ಬಿಸಿ ಕೂರಿಸುತ್ತಾರೆ. ಆದರೆ ಯಕ್ಷಗಾನದಲ್ಲಿ ಬಣ್ಣದ ವೇಷವೂ ಧರ್ಮದ ವೇಷವೂ ಇಬ್ಬರು ಬೇರೆ ಬೇರೆ ಕಲಾವಿದರು. ಇಲ್ಲಿ ಒಂದೇ ಮುಖ. ಒಳ್ಳೆಯವನಿಗೆ ಕೈ ಕಟ್ಟಿರುತ್ತದೆ. ಅದೇ ಮುಖದ ಕೆಟ್ಟವನಿಗೆ ಕಟ್ಟಿಲ್ಲ. ಸಾತ್ವಿಕ ಮನುಷ್ಯನು ತನ್ನ ಮುಖವನ್ನು ಬಿಡದೆಯೇ ರಾಕ್ಷಸನ ಸ್ವಾತಂತ್ರ್ಯವನ್ನು ಪಡೆಯುವ ಈ ಏರ್ಪಾಡು ದ್ವಿಪಾತ್ರದ ಚಮತ್ಕಾರಕ್ಕಿಂತ ಆಳವಾದದ್ದು. ಪ್ರೇಕ್ಷಕನೂ ಒಳಗೊಳಗೇ ಬಯಸುವುದು ಅದನ್ನೇ.

ಯಕ್ಷಗಾನದ ಮಾತು ಬಂದದ್ದರಿಂದ ಕೀಚಕವಧೆಯನ್ನು ನೆನೆಯದೆ ಮುಂದೆ ಹೋಗಲಾರೆ. ಕುಮಾರವ್ಯಾಸನನ್ನು ಓದಿದ ನಿಮಗೆ ವಿರಾಟಪರ್ವದ ಕಥೆಯನ್ನು ಹೇಳಬೇಕಾಗಿಲ್ಲ. ಆದರೂ ‘ಅಂತ’ವನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನೊಮ್ಮೆ ತಿರುವಿ ನೋಡಿ. ಅಪರಾಧಿ ಸಾಮಾನ್ಯನಲ್ಲ, ಅರಸನ ಮೈದುನ, ಸೇನಾಪತಿ. ಇಂದಿನ ಮಾತಿನಲ್ಲಿ ಹೇಳುವುದಾದರೆ ಸರ್ಕಾರವೇ ಅವನ ಭುಜಬಲದ ಮೇಲೆ ನಿಂತಿದೆ. ಅವನು ಸೈರಂಧ್ರಿಯನ್ನು ತುಂಬಿದ ಸಭೆಯಲ್ಲಿ ಒದೆಯುತ್ತಾನೆ. ಆಕೆ ನ್ಯಾಯ ಕೇಳುತ್ತಾಳೆ. ಅರಸ ತುಟಿ ಬಿಚ್ಚುವುದಿಲ್ಲ. ಅಲ್ಲಿಯೇ ಕುಳಿತ ಕಂಕನ ವೇಷದ ಧರ್ಮರಾಯ ತಾಳ್ಮೆಯನ್ನು ಬೋಧಿಸುತ್ತಾನೆ. ಆಗ ಆಕೆ ಅಡಿಗೆಮನೆಯ ಕತ್ತಲಿಗೆ, ವಲಲನ ವೇಷದ ಭೀಮನ ಬಳಿಗೆ ಹೋಗುತ್ತಾಳೆ. ಮುಂದಿನದು ನಾಟ್ಯಶಾಲೆಯಲ್ಲಿ, ರಾತ್ರಿಯಲ್ಲಿ, ಸಾಕ್ಷಿಯಿಲ್ಲದೆ ನಡೆದ ಕೊಲೆ. ವೇಷ, ಗಣ್ಯನಾದ ಅಪರಾಧಿ, ಹೆಣ್ಣಿನ ಮೇಲಿನ ಒದೆ, ಮೂಕವಾದ ಸಭೆ, ಕತ್ತಲಿನ ತೀರ್ಪು: ‘ಅಂತ’ದ ಒಂದು ಎಳೆಯೂ ಇಲ್ಲಿಲ್ಲದ್ದಲ್ಲ. ಕಾದಂಬರಿಕಾರರು ಇದನ್ನು ನೋಡಿ ಬರೆದರೆಂದು ನಾನು ಹೇಳುತ್ತಿಲ್ಲ. ಈ ಕಥೆಗೆ ಶಿಳ್ಳೆ ಹಾಕುವ ಅಭ್ಯಾಸ ನಮಗೆ ಹಳೆಯದು ಎಂದಷ್ಟೇ ನನ್ನ ಅಭಿಪ್ರಾಯ.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಭಾರತದಲ್ಲಿ ಕೀಚಕನ ಸಾವಿಗೆ ಕಥೆ ನಿಲ್ಲುವುದಿಲ್ಲ. ಉಪಕೀಚಕರು ಸೈರಂಧ್ರಿಯನ್ನೇ ಅಣ್ಣನ ಹೆಣದೊಡನೆ ಸುಡಲು ಕಟ್ಟಿಕೊಂಡು ಹೊರಡುತ್ತಾರೆ. ಅವಳನ್ನು ಬಿಡಿಸಲು ಒಂದರ ಮೇಲೆ ನೂರು ಕೊಲೆ. ಊರು ಹೆದರುತ್ತದೆ; ನ್ಯಾಯ ಸಿಕ್ಕ ಹೆಣ್ಣನ್ನೇ ಅರಸನು ಊರು ಬಿಟ್ಟು ಹೋಗೆನ್ನುತ್ತಾನೆ. ಸುದ್ದಿ ಹಸ್ತಿನಾವತಿಗೆ ಮುಟ್ಟಿ, ಇಂಥವನನ್ನು ಕೊಲ್ಲಬಲ್ಲವನು ಭೀಮನೊಬ್ಬನೇ ಎಂದು ದುರ್ಯೋಧನನು ಲೆಕ್ಕ ಹಾಕುತ್ತಾನೆ. ಗೋಗ್ರಹಣದ ಯುದ್ಧ ಮನೆಬಾಗಿಲಿಗೆ ಬರುತ್ತದೆ. ಭೀಮನು ತಪ್ಪು ಮಾಡಿದನೆಂದು ಕವಿ ಹೇಳುವುದಿಲ್ಲ. ಅದರ ಬೆಲೆ ಎಷ್ಟೆಂದು ಮಾತ್ರ ಲೆಕ್ಕವೊಪ್ಪಿಸುತ್ತಾನೆ. ನಮ್ಮ ಕಡೆ ನಾನು ನೋಡಿದ ಆಟಗಳಲ್ಲಿ ಹೆಚ್ಚಿನವು ಕೀಚಕ ಬಿದ್ದೊಡನೆ ಮಂಗಳ ಹಾಡಿದವು. ಸಿನಿಮಾ ಕಲಿತದ್ದು ಕವಿಯಿಂದಲ್ಲ, ಈ ಆಟಗಳಿಂದ ಎಂದು ತೋರುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಪತ್ರಿಕೆಯ ಮುಂದೆ ಒಂದು ತೀರ್ಪು, ತೆರೆಯ ಮುಂದೆ ಇನ್ನೊಂದು, ಏಕೆ? ನನಗೆ ತೋರುವ ಉತ್ತರ ಇದು. ನ್ಯಾಯಾಲಯದಲ್ಲಿ ಕುಳಿತ ನ್ಯಾಯಾಧೀಶನು ಅಪರಾಧವನ್ನು ಕಂಡವನಲ್ಲ. ಕಂಡಿಲ್ಲವಾದ್ದರಿಂದಲೇ ಅವನಿಗೆ ಸಾಕ್ಷಿ ಬೇಕು, ಪಾಟೀಸವಾಲು ಬೇಕು, ಸಂಶಯದ ಲಾಭವೆಂಬ ನಿಯಮ ಬೇಕು, ಮೇಲ್ಮನವಿ ಬೇಕು. ವರ್ಷಗಟ್ಟಲೆ ಎಳೆಯುವ ಆ ಎಲ್ಲ ವಿಧಿಗಳೂ ‘ನಾನು ಕಣ್ಣಾರೆ ಕಂಡಿಲ್ಲ’ ಎಂಬ ಒಂದು ವಿನಯದ ಮೇಲೆ ನಿಂತಿವೆ. ಚಿತ್ರಮಂದಿರದಲ್ಲಿ ಕುಳಿತ ನಾವೋ ಎಲ್ಲವನ್ನೂ ಕಂಡಿದ್ದೇವೆ. ನಿರ್ದೇಶಕನು ನಮ್ಮನ್ನು ಬೀಗ ಹಾಕಿದ ಕೋಣೆಯೊಳಗೆ ಕರೆದೊಯ್ದು, ಹೊಡೆದ ಕೈಯನ್ನು ಹತ್ತಿರದಿಂದ ತೋರಿಸಿದ್ದಾನೆ. ಕತ್ತಲೆಯಲ್ಲಿ ವಿಚಾರಣೆ ಅದಾಗಲೇ ಮುಗಿದಿದೆ. ಉಳಿದಿರುವುದು ಶಿಕ್ಷೆ ಮಾತ್ರ. ಆದ್ದರಿಂದ ತೆರೆಯ ಮೇಲಿನ ವಕೀಲ ಬಾಯಿ ತೆರೆದರೆ ಅದು ನಮಗೆ ಹಸಿಸುಳ್ಳು, ನ್ಯಾಯಾಧೀಶ ಸಾಕ್ಷಿ ಕೇಳಿದರೆ ಅವನು ಕುರುಡ. ಆ ಗೃಹಸ್ಥರು ತತ್ತ್ವವನ್ನು ಬದಲಿಸಿಲ್ಲ. ಅವರಿಗೆ ಒಂದು ಹೆಚ್ಚಿನ ಕಣ್ಣು ಕೊಡಲಾಗಿದೆ. ಬದುಕಿನಲ್ಲಿ ಆ ಕಣ್ಣು ಯಾರಿಗೂ ಇಲ್ಲ.

ಇದ್ದೂ ಸಭೆ ಸುಮ್ಮನಿದ್ದರೆ ಎಂಬುದು ಬೇರೆ ಮಾತು. ವಿರಾಟನ ಸಭೆಯಲ್ಲಿ ಸಾಕ್ಷಿಯ ಕೊರತೆ ಇರಲಿಲ್ಲ, ಮನಸ್ಸಿನ ಕೊರತೆ ಇತ್ತು. ‘ಅಂತ’ದ ಕೋಪದಲ್ಲಿ ಸತ್ಯವಿರುವುದು ಅಷ್ಟು ಭಾಗದಲ್ಲಿ. ದೊಡ್ಡವರ ಅಪರಾಧವನ್ನು ಎಲ್ಲರೂ ಬಲ್ಲರು, ಯಾರೂ ಹೇಳರು ಎಂಬ ಅದರ ಆರೋಪವನ್ನು ಸುಳ್ಳೆನ್ನಲು ಅಂದಿನ ಪ್ರೇಕ್ಷಕನಿಗೆ ಕಾರಣಗಳಿರಲಿಲ್ಲ.

ಹೊರದೇಶದಲ್ಲಿಯೂ ಇದೇ ದಶಕದಲ್ಲಿ ಇಂಥ ಚಿತ್ರಗಳ ಬೆಳೆ ಬಂದಿತ್ತು. ಅಮೆರಿಕದಲ್ಲಿ 1971ರ ‘ಡರ್ಟಿ ಹ್ಯಾರಿ’ಯ ಪೊಲೀಸನು ನಿಯಮಗಳನ್ನು ಒದ್ದು ಪಾತಕಿಯನ್ನು ಕೊಲ್ಲುತ್ತಾನೆ. 1974ರ ‘ಡೆತ್ ವಿಶ್’ನಲ್ಲಿ ಹೆಂಡತಿಯನ್ನು ಕಳೆದುಕೊಂಡ ಸಾಮಾನ್ಯ ನಾಗರಿಕನೊಬ್ಬ ರಾತ್ರಿಹೊತ್ತು ಬಂದೂಕು ಹಿಡಿದು ನ್ಯೂಯಾರ್ಕಿನ ಬೀದಿಗಿಳಿಯುತ್ತಾನೆ. ವಿಚಿತ್ರವೆಂದರೆ ಅವನು ಕೊಲ್ಲುವವರಲ್ಲಿ ಅವನ ಹೆಂಡತಿಯನ್ನು ಕೊಂದವರು ಒಬ್ಬರೂ ಇಲ್ಲ! ಆ ಚಿತ್ರದ ಮೂಲವೂ ಕಾದಂಬರಿಯೇ. ಬರೆದವರು ಬ್ರಯನ್ ಗಾರ್ಫೀಲ್ಡ್. ಅವರು ಬರೆದದ್ದು ಎಚ್ಚರಿಕೆಯ ಕಥೆ. ಚಿತ್ರ ಅದನ್ನು ವೀರಕಥೆಯಾಗಿಸಿತೆಂದು ಬೇಸರಗೊಂಡು, ಮರುವರ್ಷವೇ ಆ ಮಾರ್ಗದ ವ್ಯರ್ಥತೆಯನ್ನು ತೋರಿಸುವ ಮುಂದಿನ ಭಾಗವನ್ನು ಬರೆದರು. ಕಾದಂಬರಿ ತೆರೆಗೆ ಹೋದಾಗ ವಿವೇಚನೆ ಸೋರಿಹೋಗಿ ಕೋಪ ಮಾತ್ರ ಉಳಿಯುವುದು ಒಂದು ದೇಶದ ಕಥೆಯಲ್ಲ.

ನಮ್ಮಲ್ಲಿ 1973ರ ‘ಜಂಜೀರ್’ ಹಿಂದಿಯಲ್ಲಿ ಈ ದಾರಿಯನ್ನು ತೆರೆದಿತ್ತು. ‘ಅಂತ’ದ ಪಕ್ಕದಲ್ಲಿಟ್ಟು ನೋಡಬೇಕಾದದ್ದು ಅದಲ್ಲ, 1983ರ ‘ಅರ್ಧಸತ್ಯ’. ಗೋವಿಂದ ನಿಹಲಾನಿಯವರ ನಿರ್ದೇಶನ, ವಿಜಯ ತೆಂಡೂಲ್ಕರರ ಚಿತ್ರಕಥೆ, ಸಬ್‌ಇನ್‌ಸ್ಪೆಕ್ಟರ್ ಅನಂತ ವೇಲಣಕರನಾಗಿ ಓಂ ಪುರಿ. ಅಲ್ಲಿಯೂ ದಾರಿ ಕಾಣದ ಪೊಲೀಸನು ಕಡೆಗೆ ರಾಜಕೀಯದ ಬೆಂಬಲವಿರುವ ಪಾತಕಿಯನ್ನು ಕೊಲ್ಲುತ್ತಾನೆ. ಆದರೆ ಅದಕ್ಕೆ ಮುಂಚೆ ಅದೇ ಕೈ, ಅದೇ ಅವಮಾನದ ಕುದಿಯಲ್ಲಿ, ಠಾಣೆಯೊಳಗೆ ಒಬ್ಬ ಚಿಲ್ಲರೆ ಕಳ್ಳನನ್ನು ಬಡಿದು ಕೊಂದಿರುತ್ತದೆ. ಅಂಗಡಿ ಒಂದೇ, ಸರಕೂ ಒಂದೇ ಎಂದು ತೆಂಡೂಲ್ಕರರು ತೋರಿಸಿಬಿಟ್ಟರು. ನೋಡಿ ಹೊರಬಂದವರು ಮೌನವಾಗಿ ಮನೆಗೆ ಹೋದರು. ‘ಅಂತ’ ನೋಡಿದವರು ಮಾತಾಡುತ್ತಾ ಹೋದರು. ಕಲೆಯಾಗಿ ನನಗೆ ‘ಅರ್ಧಸತ್ಯ’ವೇ ಮೇಲು, ಆದರೆ ಸಂತೆಯ ನಾಲಗೆಗೆ ಹತ್ತಿದ್ದು ಯಾವುದು ಎಂಬುದನ್ನು ಬಚ್ಚಿಡಲಾರೆ. ಕನ್ನಡದಲ್ಲಿಯೇ ಅದೇ 1983ರಲ್ಲಿ ಬಂದ ‘ಚಕ್ರವ್ಯೂಹ’ ಅಂಬರೀಷರ ಈ ಕೋಪವನ್ನು ಇನ್ನೊಂದು ಮೆಟ್ಟಿಲು ಏರಿಸಿತು. ಅದನ್ನು ಹಿಂದಿಗೆ ‘ಇಂಕ್ವಿಲಾಬ್’ ಎಂದು ಕೊಂಡೊಯ್ದರು. ಮುಖ್ಯಮಂತ್ರಿಯಾದ ನಾಯಕನು ಅಲ್ಲಿ ತನ್ನ ಮಂತ್ರಿಮಂಡಲವನ್ನೇ ಗುಂಡಿಗೆ ಬಲಿಕೊಡುತ್ತಾನೆ. ಅದರಾಚೆಗೆ ಏರಲು ಮೆಟ್ಟಿಲುಗಳಿರಲಿಲ್ಲ.

ಸೆನ್ಸಾರಿನ ವಿಚಾರ. ‘ಅಂತ’ದ ಹಿಂಸೆ ಬಿಸಿ ಚರ್ಚೆಗೆ ಕಾರಣವಾಯಿತು, ಬಾಬು ಅವರೇ ಹಿಂದಿಯಲ್ಲಿ ಜಿತೇಂದ್ರರನ್ನಿಟ್ಟು ಮಾಡಿದ ‘ಮೇರಿ ಆವಾಜ್ ಸುನೋ’ ಕೂಡ ವಿವಾದದಿಂದ ತಪ್ಪಿಸಿಕೊಳ್ಳಲಿಲ್ಲ. 1952ರ ಚಲನಚಿತ್ರ ಕಾಯಿದೆಯ ಪ್ರಕಾರ ಆಗ ಇದ್ದದ್ದು ಎರಡೇ ಮುದ್ರೆ: ಎಲ್ಲರಿಗೂ, ಇಲ್ಲವೆ ವಯಸ್ಕರಿಗೆ. ನಡುವಿನ ಮುದ್ರೆ ಬಂದದ್ದು 1983ರಲ್ಲಿ. ಆ ನಡುವಿನದನ್ನು ವಯಸ್ಸಿಗೆ ತಕ್ಕಂತೆ ಮೂರಾಗಿ ಒಡೆದದ್ದು 2023ರ ತಿದ್ದುಪಡಿ. ಮುದ್ರೆ ಕೊಟ್ಟ ಮೇಲೂ ಚಿತ್ರವನ್ನು ತಡೆಯುವ ಕೈ ಕೇಂದ್ರ ಸರ್ಕಾರಕ್ಕೆ ಇತ್ತು. ಮಂಡಳಿಯಂಥ ಸ್ವತಂತ್ರ ಸಂಸ್ಥೆ ತೀರ್ಮಾನಿಸಿದ್ದನ್ನು ಸರ್ಕಾರ ಮೇಲೆ ಕುಳಿತು ತಿದ್ದುವುದು ಸರಿಯಲ್ಲವೆಂದು ಮೊದಲು ಹೇಳಿದ್ದು ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯ, 1990ರಲ್ಲಿ, ಚಿತ್ರೋದ್ಯಮದವರೇ ಆದ ಕೆ. ಎಂ. ಶಂಕರಪ್ಪನವರ ಅರ್ಜಿಯ ಮೇಲೆ. ಸರ್ವೋಚ್ಚ ನ್ಯಾಯಾಲಯ 2000ದಲ್ಲಿ ಅದನ್ನು ಎತ್ತಿಹಿಡಿಯಿತು. ಕತ್ತರಿಯ ಮಾತು ಬಂದಾಗಲೆಲ್ಲ ನಾನು ನೆನೆದು ನಗುವ ಸಂಗತಿಯೊಂದಿದೆ. ಮಂಡ್ಯದಿಂದ ಲೋಕಸಭೆಗೆ ಹೋದ ಅಂಬರೀಷರು 2006ರಲ್ಲಿ ಕೇಂದ್ರದಲ್ಲಿ ರಾಜ್ಯಸಚಿವರಾದರು. ಖಾತೆ ಯಾವುದು? ವಾರ್ತಾ ಮತ್ತು ಪ್ರಸಾರ. ಸೆನ್ಸಾರ್ ಮಂಡಳಿ ಅದರ ಅಧೀನ! ಮರುವರ್ಷ ಕಾವೇರಿ ನ್ಯಾಯಮಂಡಳಿಯ ತೀರ್ಪು ಕರ್ನಾಟಕಕ್ಕೆ ಅನ್ಯಾಯವೆಂದು ಅವರು ರಾಜೀನಾಮೆ ಸಲ್ಲಿಸಿದರು. ಕನ್ವರ್‌ಲಾಲನ ವೇಷದಿಂದ ಲೋಕಪ್ರಿಯನಾದ ಮನುಷ್ಯ ನಿಜಜೀವನದಲ್ಲಿ ನ್ಯಾಯ ಸಿಗಲಿಲ್ಲವೆನ್ನಿಸಿದಾಗ ಮಾಡಿದ್ದು ಕಾಗದದ ಮೇಲೆ ಸಹಿ. ವೇಷಕ್ಕೂ ನಟನಿಗೂ ಇರುವ ದೂರವನ್ನು ಅಭಿಮಾನಿಗಳಿಗಿಂತ ಅವರೇ ಚೆನ್ನಾಗಿ ಬಲ್ಲವರಾಗಿದ್ದರು.

ಚಿತ್ರವೊಂದು ಓಡುವುದು ಬೇರೆ, ಅದರ ಸುತ್ತ ಒಂದು ಪಂಥವೇ ಬೆಳೆಯುವುದು ಬೇರೆ. ಓಡಿದ ಎಷ್ಟೋ ಚಿತ್ರಗಳ ಹೆಸರು ಅವುಗಳ ಶತದಿನೋತ್ಸವದ ಹೂಮಾಲೆಯೊಡನೆ ಬಾಡಿಹೋಗಿವೆ. ‘ಅಂತ’ ಮರಳಿ ಮರಳಿ ಬಂತು. ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಹಾಡಿನ ನಡುವೆ ಮಿಮಿಕ್ರಿ ಮಾಡುವವನು ಕನ್ವರ್‌ಲಾಲನನ್ನು ತರದೆ ಇಳಿಯುತ್ತಿರಲಿಲ್ಲ. 1995ರಲ್ಲಿ ಬಾಬು ಮತ್ತು ಅಂಬರೀಷ್ ಸೇರಿ ‘ಆಪರೇಷನ್ ಅಂತ’ ಎಂದು ಅದರ ಮುಂದಿನ ಭಾಗವನ್ನೇ ಮಾಡಿದರು. ಅದೇ ವರ್ಷ ಬಂದ ಉಪೇಂದ್ರರ ‘ಓಂ’ ಭೂಗತಲೋಕದ ಕಥೆಗೆ ಹೊಸ ಭಾಷೆಯನ್ನು ಕಲಿಸ ಹೊರಟಿತ್ತು. 2018ರ ನವೆಂಬರ್ 24ರಂದು ಅಂಬರೀಷರು ತೀರಿಕೊಂಡ ಮೇಲೆ ಮನೆಮನೆಯ ದೂರದರ್ಶನ ಪೆಟ್ಟಿಗೆಯಲ್ಲಿ ಮೊಳಗಿದ್ದು ಮತ್ತೆ ಆ ಪೂರ್ತಿ ಹೆಸರಿನ ಮಾತೇ. ಪಂಥ ಹಿಡಿದುಕೊಳ್ಳುವುದು ಕಥೆಯನ್ನಲ್ಲ. ಒಂದು ದನಿಯನ್ನು, ಒಂದು ನಿಲುವನ್ನು, ತನ್ನ ಮೈಮೇಲೆ ತೊಟ್ಟು ನೋಡಬಹುದಾದ ಒಂದು ವೇಷವನ್ನು. ಗಾಯವನ್ನು ಯಾರೂ ತೊಡಲಾರರು.

ಇದೆಲ್ಲ ಸಿನಿಮಾದ ಮಾತಾಗಿಯೇ ಉಳಿದಿದ್ದರೆ ನಾನು ನಿಮ್ಮ ಹೊತ್ತನ್ನು ಇಷ್ಟು ತೆಗೆದುಕೊಳ್ಳುತ್ತಿರಲಿಲ್ಲ. ‘ಅಂತ’ ತೆರೆಗೆ ಬರುವ ಮುಂಚಿನ ವರ್ಷ, 1980ರ ನವೆಂಬರಿನಲ್ಲಿ, ಬಿಹಾರದ ಭಾಗಲ್ಪುರದ ಸುದ್ದಿ ಹೊರಬಂತು. ಅಲ್ಲಿಯ ಪೊಲೀಸರು 30ಕ್ಕೂ ಹೆಚ್ಚು ಮಂದಿ ವಿಚಾರಣಾಧೀನ ಕೈದಿಗಳ ಕಣ್ಣುಗಳನ್ನು ಚುಚ್ಚಿ ಆಮ್ಲ ಸುರಿದಿದ್ದರು. ತೀರ್ಪು ಆಗಿರಲಿಲ್ಲ, ಅವರಲ್ಲಿ ಅಪರಾಧಿ ಯಾರು, ಅಲ್ಲದವನು ಯಾರು ಎಂಬುದನ್ನು ಯಾರೂ ತೂಗಿ ನೋಡಿರಲಿಲ್ಲ. ಸರ್ವೋಚ್ಚ ನ್ಯಾಯಾಲಯ ಕನಲಿತು. ಆದರೆ ಭಾಗಲ್ಪುರದಲ್ಲಿ ಜನ ಬೀದಿಗಿಳಿದದ್ದು ಪೊಲೀಸರ ಪರವಾಗಿ. ಕಳ್ಳಕಾಕರ ಕಾಟದಿಂದ ಬೇಸತ್ತ ಸಂಸಾರಸ್ಥರು ಅವರು, ಕೆಟ್ಟ ಜನರೇನಲ್ಲ. ಸಿನಿಮಾದ ಪ್ರೇಕ್ಷಕನಿಗಿರುವ ಹೆಚ್ಚಿನ ಕಣ್ಣು ತಮಗೂ ಇದೆಯೆಂದು ಅವರು ನಂಬಿದ್ದರು.

ಸುಮಾರು ನಾಲ್ವತ್ತು ವರ್ಷಗಳ ಅನಂತರ, 2019ರ ಡಿಸೆಂಬರ್ 6ರ ನಸುಕಿನಲ್ಲಿ, ಹೈದರಾಬಾದಿನ ಹೊರವಲಯದಲ್ಲಿ, ಪಶುವೈದ್ಯೆಯೊಬ್ಬಳ ಘೋರ ಕೊಲೆಯ ಆರೋಪ ಹೊತ್ತಿದ್ದ ನಾಲ್ವರು ಪೊಲೀಸರ ಗುಂಡಿಗೆ ಸತ್ತರು. ಅಪರಾಧ ನಡೆದು ಹತ್ತು ದಿನವೂ ತುಂಬಿರಲಿಲ್ಲ. ಜನ ಪೊಲೀಸರ ಮೇಲೆ ಹೂವು ಸುರಿದರು, ಸಿಹಿ ಹಂಚಿದರು. ನಮ್ಮ ದಾಂಡೇಲಿಯ ಚಹದ ಅಂಗಡಿಯಲ್ಲಿಯೂ ಅಂದು ಒಬ್ಬರು ಎಲ್ಲರಿಗೂ ತಮ್ಮ ಲೆಕ್ಕದಲ್ಲಿ ಚಹ ಕುಡಿಸಿದರು. ನನಗೂ ಒಂದು ಲೋಟ ಬಂತು. ಹೆಣ್ಣುಮಕ್ಕಳಿರುವ ಮನುಷ್ಯ, ಅವರ ಕಣ್ಣಲ್ಲಿ ನೀರಿತ್ತು. ಅವರೊಡನೆ ವಾದಿಸಲು ಅದು ಹೊತ್ತಲ್ಲ. ಸರ್ವೋಚ್ಚ ನ್ಯಾಯಾಲಯ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಸಿರ್ಪುರ್ಕರ್ ಅವರ ಆಯೋಗದ ವರದಿ 2022ರ ಮೇ ತಿಂಗಳಲ್ಲಿ ಬಹಿರಂಗವಾಯಿತು. ಪೊಲೀಸರು ಹೇಳಿದ ಕಥೆಯನ್ನು ಆಯೋಗ ನಂಬಲಿಲ್ಲ; ಗುಂಡು ಹಾರಿಸಿದ್ದು ಕೊಲ್ಲುವ ಉದ್ದೇಶದಿಂದಲೇ ಎಂದಿತು. ಸತ್ತ ನಾಲ್ವರಲ್ಲಿ ಮೂವರಿಗೆ ಹದಿನೆಂಟು ತುಂಬಿರಲಿಲ್ಲವೆಂದೂ ಹೇಳಿತು. ಆ ಹೆಣ್ಣುಮಗಳನ್ನು ಕೊಂದವರು ಇವರೇ ಹೌದೋ ಅಲ್ಲವೋ ಎಂಬುದನ್ನು ನ್ಯಾಯಾಲಯವೊಂದು ಸಾಕ್ಷಿ ಕೇಳಿ ತೀರ್ಮಾನಿಸುವ ಅವಕಾಶ ಇನ್ನು ಯಾವ ಕಾಲಕ್ಕೂ ಇಲ್ಲ.